ವಾಹನ ವಿಚಾರ: ಕೊರೆಯುವ ಚಳಿಗೆ ಹಳೆಯ ಬುಲೆಟ್

ಪ್ರಶ್ನೆ: ಲೇಹ್‌ನಲ್ಲಿ ಉದ್ಯೋಗದಲ್ಲಿರುವ ನಾನು ತಂದೆಯವರ 1986ರ ಬುಲೆಟ್ 350 ಅನ್ನು ಹಾಸನದಿಂದ ಇಲ್ಲಿಗೆ ತರಿಸಿಕೊಂಡಿದ್ದೇನೆ. ಚಳಿಗಾಲದಲ್ಲಿ ಓಡಿಸುವುದಿಲ್ಲ, ಎಂಜಿನ್ ಹಿಡಿದುಕೊಳ್ಳದಿರಲಿ ಎಂದು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುತ್ತೇನೆ. ಆದರೂ ಪ್ರತಿ ಸಲ ಕಿಕ್ ಹೊಡೆದು ಹೊಡೆದು ಸಾಕಾಗುತ್ತದೆ. ನೆರೆಮನೆಯ ಲಾರಿ ಚಾಲಕರು ಎಂಜಿನ್ ಅಡಿಗೆ ಕೆಂಡ ಇಡಲು ಹೇಳುತ್ತಾರೆ. ಇಡಬಹುದೇ?

ಉತ್ತರ: ಖಂಡಿತ ಬೇಡ. ಡೀಸೆಲ್‌ನಲ್ಲಿರುವ ಮೇಣದ ಅಂಶ ಚಳಿಗೆ ಹೆಪ್ಪುಗಟ್ಟಿ ಫಿಲ್ಟರ್ ಮುಚ್ಚಿಹೋಗುವುದರಿಂದ ಲಾರಿಯವರಿಗೆ ಆ ಅಭ್ಯಾಸ ಬಂದಿದೆ. ಈ ಕಾರಣಕ್ಕೇ ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದು ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ಪೆಟ್ರೋಲ್ ಅಲ್ಲಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಆದರೆ ಅದರ ಆವಿಗೆ ಕಿಡಿ ತಗಲಿದರೆ ಗಾಡಿಯೂ ಉಳಿಯದು, ಶೆಡ್ಡೂ ಉಳಿಯದು.

ನಿಮ್ಮ ಬುಲೆಟ್‌ಗೆ ಚಳಿಗಿಂತ ನೀರೇ ದೊಡ್ಡ ಶತ್ರು, ಮತ್ತು ವಾರದ ಆ ಐದು ನಿಮಿಷ ಅದನ್ನೇ ಒಳಗೆ ಕೂಡಿಹಾಕುತ್ತಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾಯದಿದ್ದರೆ ಅದರಲ್ಲಿ ಒಂದಷ್ಟು ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ತಂಗಿ ತುಕ್ಕು ಹಿಡಿಸುತ್ತದೆ. ಆಯಿಲ್ ಮುಚ್ಚಳ ತೆಗೆದು ನೋಡಿ, ಒಳಗೆ ಬೆಳ್ಳಗಿನ ನೊರೆ ಅಂಟಿದ್ದರೆ ಅದು ಈ ನೀರಿನ ಗುರುತು. ಅಷ್ಟು ಹೊತ್ತಿನ ಐಡಲಿಂಗ್‌ನಿಂದ ಬ್ಯಾಟರಿಯೂ ಚಾರ್ಜ್ ಆಗುವುದಿಲ್ಲ.

ಆದ್ದರಿಂದ ನವೆಂಬರ್‌ನಲ್ಲಿ ಅರ್ಧ ಗಂಟೆ ಓಡಿಸಿ, ಬಿಸಿಯಿರುವಾಗಲೇ ಆಯಿಲ್ ಬದಲಿಸಿ, ಗಾಡಿಯನ್ನು ವಸಂತದವರೆಗೆ ಮಲಗಿಸಿಬಿಡಿ. ಟ್ಯಾಂಕ್ ಅರೆಬರೆ ಇದ್ದರೆ ಒಳಗಿನ ಗಾಳಿಯ ತೇವ ಇಳಿದು ತಳ ಸೇರುವುದರಿಂದ, ಅದರಲ್ಲೂ ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುವುದರಿಂದ, ಟ್ಯಾಂಕ್ ಭರ್ತಿ ಮಾಡಿ, ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನ ಬಟ್ಟಲನ್ನು ಬರಿದು ಮಾಡಿ. ಬಟ್ಟಲ ತಳದಲ್ಲಿ ನಿಂತ ಒಂದು ಹನಿ ನೀರು ಮಂಜುಗಡ್ಡೆಯಾದರೂ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲ್ ಬಿಟ್ಟು ಕಿಕ್ಕರನ್ನು ಮೆಲ್ಲಗೆ ತುಳಿದರೆ ಸಿಲಿಂಡರಿನ ಒಳಗೋಡೆಗೆ ತುಕ್ಕು ತಾಗದು. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ; ಪೂರ್ತಿ ಚಾರ್ಜ್ ಇದ್ದದ್ದು ಮೈನಸ್ 30ಕ್ಕೂ ಹೆಪ್ಪುಗಟ್ಟದು, ಖಾಲಿಯಾದದ್ದು ಮೈನಸ್ 10ರ ಸುಮಾರಿಗೇ ಹೆಪ್ಪುಗಟ್ಟಿ ಒಡೆಯಬಹುದು.

ಮತ್ತೆ ಸ್ಟಾರ್ಟ್ ಮಾಡುವ ದಿನ ಕ್ಲಚ್ ಹಿಡಿದು ನಾಲ್ಕಾರು ಸಲ ತುಳಿದು, ಅಂಟಿಕೊಂಡ ಪ್ಲೇಟ್‌ಗಳನ್ನು ಬಿಡಿಸಿಕೊಳ್ಳಿ. ಬಳಿಕ ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಸನ್ನೆ) ಒತ್ತಿ, ಆಂಪಿಯರ್ ಮೀಟರಿನ ಮುಳ್ಳು ನಡುವೆ ಬರುವಂತೆ ಕಿಕ್ಕರ್ ಇಳಿಸಿ, ಸನ್ನೆ ಬಿಟ್ಟು, ಆಮೇಲಷ್ಟೇ ಜೋರಾಗಿ ಒದೆಯಿರಿ. ಇನ್ನೊಂದು ಮಾತು: ಹಾಸನಕ್ಕೆ ಹೊಂದಿಸಿದ ಕಾರ್ಬುರೇಟರ್ 3,500 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಪೆಟ್ರೋಲ್ ಹೆಚ್ಚು ಕೊಡುತ್ತದೆ. ಪ್ಲಗ್ ಮಸಿ ಹಿಡಿಯುತ್ತಿದ್ದರೆ ಚಿಕ್ಕ ಜೆಟ್ ಹಾಕಿಸಿ.

ಪ್ರಶ್ನೆ: ಟೊರಾಂಟೊದಲ್ಲಿ ನನ್ನ ಬಳಿ ಮೈಸೂರಿನಲ್ಲಿ ತಯಾರಾದ 1978ರ ಯೆಜ್ಡಿ ಇದೆ. ಜನವರಿಯಲ್ಲಿ ಬಿಸಿಲಿದ್ದ ದಿನ ಹೊರತೆಗೆಯಬಹುದೇ?

ಉತ್ತರ: ರಸ್ತೆ ಒಣಗಿದಂತೆ ಕಂಡರೂ ಹಿಮ ಕರಗಿಸಲು ಸುರಿದ ಉಪ್ಪು ಬಿಳಿ ಪುಡಿಯಾಗಿ ಅಲ್ಲೇ ಬಿದ್ದಿರುತ್ತದೆ. ಅದು ಕ್ರೋಮ್ ಲೇಪನವನ್ನೂ ಚಕ್ರದ ಕಡ್ಡಿಗಳನ್ನೂ ತಿನ್ನುತ್ತದೆ. ಹಾಳಾದ ಭಾಗಕ್ಕೆ ಬದಲಿ ಹುಡುಕುವ ಕಷ್ಟ ನಿಮಗೇ ಗೊತ್ತಿದೆ. ವಸಂತದಲ್ಲಿ ಎರಡು ದೊಡ್ಡ ಮಳೆ ಬಿದ್ದು ರಸ್ತೆ ತೊಳೆದ ಮೇಲೆ ತೆಗೆಯಿರಿ.