‘ಆ ಪಾತ್ರ ಹಾಗೆ ಮಾಡೋದೇ ಇಲ್ಲ’ ಅನ್ನುವ ಅಭಿಮಾನಿಯ ಮಾತನ್ನು ಎಷ್ಟು ನಂಬಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಅಭಿಮಾನಿಗಳು ‘ಬರವಣಿಗೆ ಕೆಟ್ಟುಹೋಯ್ತು’, ‘ನಮ್ಮ ಪಾತ್ರವನ್ನು ಹಾಳು ಮಾಡಿಬಿಟ್ಟರು’ ಅಂತ ಕೂಗಿದಾಗ ಅದರಲ್ಲಿ ವಿಮರ್ಶೆ ಎಷ್ಟು, ಬರೀ ನಿರಾಸೆ ಎಷ್ಟು ಅಂತ ತಿಳಿಯುವುದು ಹೇಗೆ ಅನ್ನುವುದು ಒಂದು. ನೀವೇ ಕಂತು ಕಂತಾಗಿ ಕಥೆ ಬರೆಯುತ್ತಿದ್ದೀರಿ, ಓದುಗರ ಮಾತು ಎಷ್ಟು ಕೇಳಬೇಕು ಅನ್ನುವುದು ಇನ್ನೊಂದು. ಅಭಿಮಾನಿ ಬಳಗಗಳಲ್ಲಿ ಬಹಳ ಕಾಲದಿಂದ ಓದುತ್ತ, ವಾದಿಸುತ್ತ ಬಂದವಳು ನಾನು. ನನಗೆ ಕಂಡದ್ದು ಇಷ್ಟು: ಕಥೆ ಎಲ್ಲಿ ಮುಗ್ಗರಿಸಿತು ಅನ್ನುವುದನ್ನು ಅಭಿಮಾನಿ ಹೆಚ್ಚಾಗಿ ಸರಿಯಾಗಿಯೇ ಹಿಡಿಯುತ್ತಾನೆ. ಯಾಕೆ ಮುಗ್ಗರಿಸಿತು ಅಂತ ಹೇಳಲು ಹೋದಾಗ ಅರ್ಧ ದಾರಿ ತಪ್ಪುತ್ತಾನೆ. ಹೇಗೆ ಸರಿಮಾಡಬೇಕು ಅಂತ ಅವನು ಹೇಳಿದ್ದನ್ನು ಹಾಗೆ ಹಾಗೇ ಮಾಡಿದರೆ ಕಥೆ ಇನ್ನಷ್ಟು ಕೆಡುವುದೇ ಹೆಚ್ಚು.

ಎಲ್ಲರಿಗೂ ಗೊತ್ತಿರುವ ಜಗಳವನ್ನೇ ತೆಗೆದುಕೊಳ್ಳೋಣ. (‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯನ್ನು ಇನ್ನೂ ನೋಡಿಲ್ಲದಿದ್ದರೆ ಇದೂ ಸೇರಿ ಮೂರು ಪ್ಯಾರಾ ಬಿಟ್ಟುಬಿಡಿ.) 2019ರಲ್ಲಿ ಅದರ ಎಂಟನೇ ಸೀಸನ್ ಬಂದಾಗ, ಇದನ್ನು ಬೇರೆ ಬರಹಗಾರರಿಂದ ಮತ್ತೆ ಮಾಡಿಸಿ ಅನ್ನುವ ಆನ್‌ಲೈನ್ ಮನವಿಗೆ 15 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅತಿ ಹೆಚ್ಚು ಸಿಟ್ಟು ಬರಿಸಿದ್ದು, ಸಿಂಹಾಸನಕ್ಕಾಗಿ ಹೋರಾಡುವ ನಾಯಕಿ ಡೆನೆರಿಸ್ ಆಗಲೇ ಶರಣಾಗಿದ್ದ ನಗರವನ್ನು ಸುಟ್ಟದ್ದು. ‘ಅವಳು ಹಾಗೆ ಮಾಡುವವಳೇ ಅಲ್ಲ’ ಅಂತ ಒಂದು ಗುಂಪು. ‘ಮೊದಲಿನಿಂದ ಅವಳು ಹಾಗೇ ಇದ್ದಳು, ನಿಮಗೆ ಕಾಣಲಿಲ್ಲ ಅಷ್ಟೆ’ ಅಂತ ಇನ್ನೊಂದು.

ಎರಡನೇ ಗುಂಪಿನ ಹತ್ತಿರ ಸಾಕ್ಷಿ ಇದೆ. ಎರಡನೇ ಸೀಸನ್ನಿನಲ್ಲೇ ಕಾರ್ಥ್ ನಗರವನ್ನು ಸುಟ್ಟುಬಿಡುತ್ತೇನೆ ಅಂತ ಬೆದರಿಸಿದವಳು ಅವಳು. ಮೀರೀನ್‌ನ ಗುಲಾಮರ ಒಡೆಯರನ್ನು ಸಾಲಾಗಿ ಕಂಬಕ್ಕೆ ಹೊಡೆಸಿದವಳು. ಏಳನೇ ಸೀಸನ್ನಿನಲ್ಲಿ ಮಂಡಿಯೂರದ ತಂದೆ ಮಗ ಇಬ್ಬರನ್ನೂ ಡ್ರ್ಯಾಗನ್ನಿನ ಬೆಂಕಿಗೆ ಕೊಟ್ಟವಳು. ಹಾಗಾಗಿ ‘ಹಾಗೆ ಮಾಡುವವಳೇ ಅಲ್ಲ’ ಅನ್ನುವ ಮಾತು ನಿಲ್ಲುವುದಿಲ್ಲ. ಆದರೂ ನಾನು ಮೊದಲ ಗುಂಪಿನ ಕಡೆಗೇ ವಾಲುತ್ತೇನೆ, ಯಾಕೆಂದರೆ ಅವರಿಗಾದ ನೋವು ನಿಜವಾದ ಜಾಗದಲ್ಲೇ ಆದದ್ದು. ಮೊದಲ ಆರು ಸೀಸನ್‌ಗಳಿಗೆ ತಲಾ ಹತ್ತು ಕಂತು ಇದ್ದವು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರೇ. ಒಬ್ಬಳು ಮನುಷ್ಯಳು ಬದಲಾಗಲು ಅತಿ ಹೆಚ್ಚು ಸಮಯ ಬೇಕಾಗಿದ್ದ ಹೊತ್ತಿನಲ್ಲೇ ಕಥೆಯ ಕೈಯಲ್ಲಿ ಸಮಯ ಇರಲಿಲ್ಲ.

ಆ ದೃಶ್ಯವನ್ನೇ ಇನ್ನೊಮ್ಮೆ ನೋಡಿ. ಶರಣಾಗತಿಯ ಗಂಟೆ ಬಾರಿಸುತ್ತದೆ, ಸೈನಿಕರು ಕತ್ತಿ ಕೆಳಗಿಟ್ಟಿದ್ದಾರೆ, ಗೋಡೆಯ ಮೇಲೆ ಡ್ರ್ಯಾಗನ್ನಿನ ಬೆನ್ನಲ್ಲಿ ಅವಳು ಕೂತಿದ್ದಾಳೆ. ಕ್ಯಾಮೆರಾ ಅವಳ ಮುಖದ ಮೇಲೆ ನಿಲ್ಲುತ್ತದೆ. ಉಸಿರು ಏರುತ್ತದೆ, ದೂರದ ಅರಮನೆಯ ಕಡೆ ನೋಡುತ್ತಾಳೆ, ಮುಖ ಬಿಗಿಯಾಗುತ್ತದೆ, ಹಾರುತ್ತಾಳೆ. ಆಮೇಲೆ ಕಥೆ ಬೀದಿಗೆ ಇಳಿದು ಬೂದಿಯಲ್ಲಿ ಓಡುವ ಜನರ ಜೊತೆ ಹೋಗುತ್ತದೆ. ಆ ಕಂತು ಮುಗಿಯುವವರೆಗೂ ಅವಳ ಮುಖ ಮತ್ತೆ ಹತ್ತಿರದಿಂದ ಕಾಣುವುದಿಲ್ಲ. ಎದುರಾಳಿ ರಾಣಿ ಇರುವುದು ಅರಮನೆಯಲ್ಲಿ, ಬೆಂಕಿ ಬೀಳುವುದು ಬೀದಿಯ ಜನರ ಮೇಲೆ. ಯಾಕೆ ಅನ್ನುವುದನ್ನು ಹೇಳಬೇಕಾದವಳನ್ನು ಕಥೆಯೇ ಆಕಾಶದಲ್ಲಿ ಬಿಟ್ಟುಬಿಟ್ಟಿತು. ಅಭಿಮಾನಿ ‘ಅವಳು ಹಾಗೆ ಮಾಡಲ್ಲ’ ಅಂದದ್ದರ ಒಳಗಿರುವ ದೂರು ಇದು: ‘ಅವಳು ಅಲ್ಲಿಗೆ ಹೇಗೆ ಬಂದಳು ಅಂತ ನನಗೆ ತೋರಿಸಲಿಲ್ಲ.’ ತಲುಪಿದ ಊರು ತಪ್ಪಲ್ಲ, ನಡುವಿನ ದಾರಿ ಕಾಣೆಯಾಗಿದೆ.

ಆದ್ದರಿಂದ ಯಾವ ದೂರು ಓದಿದರೂ ಒಂದನ್ನು ಗಮನಿಸುತ್ತೇನೆ: ಇವರು ಕಥೆಯೊಳಗಿನ ಹಿಂದಿನ ಘಟನೆಗಳನ್ನು ಎತ್ತಿ ಮಾತಾಡುತ್ತಿದ್ದಾರೋ, ತಮಗೆ ಬೇಕಾಗಿದ್ದುದನ್ನು ಎತ್ತಿ ಮಾತಾಡುತ್ತಿದ್ದಾರೋ? ‘ಮೂರನೇ ಅಧ್ಯಾಯದಲ್ಲಿ ಅವನು ತಮ್ಮನಿಗಾಗಿ ಕೆಲಸ ಬಿಟ್ಟ, ಈಗ ಅದೇ ತಮ್ಮನನ್ನು ಒಂದು ಮಾತೂ ಆಡದೆ ಬಿಟ್ಟುಹೋದ’ ಅಂದರೆ ಅದು ವಿಮರ್ಶೆ. ‘ಅವರಿಬ್ಬರು ಒಂದಾಗಲೇಬೇಕಿತ್ತು’ ಅಂದರೆ ಅದು ಆಸೆ. ಆಸೆಪಡುವುದು ತಪ್ಪೇನಲ್ಲ, ಆಸೆಯೇ ಇಲ್ಲದವರು ಅಭಿಮಾನಿಗಳೂ ಆಗುವುದಿಲ್ಲ. ಆದರೆ ಶಿಪ್ಪಿಂಗ್, ಅಂದರೆ ಇಂಥ ಇಬ್ಬರು ಪಾತ್ರಗಳು ಜೋಡಿಯಾಗಲಿ ಅಂತ ಬಯಸುವುದು, ಅದರ ಜಗಳಗಳಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಸಲ ಆ ಆಸೆಯನ್ನು ಬಿತ್ತಿದ್ದೇ ಕಥೆ: ಇಬ್ಬರನ್ನು ಮತ್ತೆ ಮತ್ತೆ ಒಂದೇ ಕೋಣೆಯಲ್ಲಿ ತಂದು ನಿಲ್ಲಿಸಿ, ಮಾತು ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ಏನೂ ಆಗಿಲ್ಲವೆಂಬಂತೆ ಮುಂದೆ ಹೋಗಿಬಿಡುತ್ತದೆ. ಅಂಥಲ್ಲಿ ಓದುಗರ ಸಿಟ್ಟು ಕೊಟ್ಟ ಮಾತು ಮುರಿದದ್ದಕ್ಕೆ. ಅದನ್ನು ‘ಶಿಪ್ಪರ್‌ಗಳ ಹುಚ್ಚು’ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪಾತ್ರಗಳ ಮೇಲಿನ ದ್ವೇಷದ ವಿಷಯದಲ್ಲಿ ಅಭಿಮಾನಿಗಳ ಕಣ್ಣು ಹೆಚ್ಚು ಮೋಸಹೋಗುತ್ತದೆ. ‘ಬ್ರೇಕಿಂಗ್ ಬ್ಯಾಡ್’ ಟಿವಿ ಸರಣಿಯಲ್ಲಿ ಮಾದಕವಸ್ತು ತಯಾರಿಸುವವನು ವಾಲ್ಟರ್, ಜನ ದ್ವೇಷಿಸಿದ್ದು ಅವನ ಹೆಂಡತಿ ಸ್ಕೈಲರ್‌ಳನ್ನು. ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಇದರ ಬಗ್ಗೆಯೇ ಬರೆಯಬೇಕಾಯಿತು, ದ್ವೇಷ ಪಾತ್ರವನ್ನು ದಾಟಿ ನಟಿಯನ್ನು ಕೊಲ್ಲುವ ಮಾತಿನವರೆಗೆ ಹೋಗಿತ್ತು. ಅದನ್ನು ಯಾವ ಕಥಾವಿಮರ್ಶೆಯ ಹೆಸರಿನಲ್ಲೂ ಒಪ್ಪಲಾಗದು. ಆದರೆ ಆ ದ್ವೇಷ ಹುಟ್ಟಿದ ಬಗೆ ಕಥೆ ಬರೆಯುವವರಿಗೆ ಮುಖ್ಯ. ನಾವು ವಾಲ್ಟರನ ಹೆಗಲ ಮೇಲೆ ಕೂತು ಲೋಕ ನೋಡುತ್ತೇವೆ, ಅವನ ರೋಗ, ಅವಮಾನ, ಜಾಣತನ ಎಲ್ಲ ನಮ್ಮವೇ ಆಗುತ್ತವೆ. ಅವನಿಗೆ ಅಡ್ಡ ಬಂದವರೆಲ್ಲ ನಮಗೂ ಅಡ್ಡ ಬಂದಂತೆ. ‘ಸ್ಕೈಲರ್‌ಳನ್ನು ಕೆಟ್ಟದಾಗಿ ಬರೆದಿದ್ದಾರೆ’ ಅಂದವರ ಮಾತು ನನಗೆ ಒಪ್ಪಿಗೆಯಿಲ್ಲ. ಅವಳನ್ನು ಚೆನ್ನಾಗಿಯೇ ಬರೆದಿದ್ದಾರೆ, ನೋಡುವವರನ್ನು ಬೇರೆಯವನ ಪಕ್ಕ ಕೂರಿಸಿದ್ದಾರೆ.

ಇದರ ಇನ್ನೊಂದು ಮುಖವನ್ನು ನಮ್ಮ ರನ್ನ ಸಾವಿರ ವರ್ಷದ ಹಿಂದೆಯೇ ತೋರಿಸಿದ್ದಾನೆ. ‘ಗದಾಯುದ್ಧ’ದಲ್ಲಿ ನಾಯಕ ಭೀಮ, ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಕಟ್ಟಿದ ಕಾವ್ಯ ಅದು. ಆದರೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಅಂಥದೇ ಸಾವು ತನಗೂ ಬರಲಿ ಅನ್ನುವ ದುರ್ಯೋಧನನ ಜೊತೆ ಕವಿ ನಮ್ಮನ್ನು ನಡೆಸುತ್ತಾನೆ. ಓದಿದವರ ಮನಸ್ಸು ಯಾರ ಕಡೆ ಹೋಗುತ್ತದೆ ಅಂತ ಹೇಳಬೇಕಿಲ್ಲ. ಹೀಗಾಗಿ ಖಳನನ್ನು ಇಷ್ಟಪಟ್ಟವರನ್ನು ‘ನೀನು ಅವನ ಕೃತ್ಯವನ್ನೇ ಸಮರ್ಥಿಸುತ್ತೀಯಾ’ ಅಂತ ಹಂಗಿಸುವ ಈಗಿನ ಅಭಿಮಾನಿ ಬಳಗಗಳ ಚಾಳಿ ನನಗೆ ಬೇಸರ ತರಿಸುತ್ತದೆ. ಮರುಕ ಹುಟ್ಟುವುದೂ ಮೆಚ್ಚುವುದೂ ಒಂದೇ ಅಲ್ಲ.

ಇನ್ನು ಪರಿಹಾರದ ವಿಷಯ. 1988ರಲ್ಲಿ ‘ಬ್ಯಾಟ್‌ಮನ್’ ಕಾಮಿಕ್ಸ್‌ನವರು ಬ್ಯಾಟ್‌ಮನ್‌ನ ಜೊತೆಗಾರ ‘ರಾಬಿನ್’ ಆಗಿದ್ದ ಎರಡನೇ ಹುಡುಗ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಅಂತ ಓದುಗರನ್ನೇ ಕೇಳಿದರು. ಎರಡು ಫೋನ್ ನಂಬರ್ ಕೊಟ್ಟರು, ಒಂದು ಉಳಿಸಲು, ಒಂದು ಕೊಲ್ಲಲು. ಸಾಯಲಿ ಅಂದವು 5,343 ಕರೆ, ಬದುಕಲಿ ಅಂದವು 5,271. ಅಂತರ 72. ಹುಡುಗ ಸತ್ತ. ಅನೇಕ ಓದುಗರಿಗೆ ಅವನು ಹಿಡಿಸಿರಲಿಲ್ಲ, ಅದು ನಿಜ. ಆದರೆ ಯಾಕೆ ಹಿಡಿಸಲಿಲ್ಲ, ಅವನನ್ನು ಹೇಗೆ ಬರೆದಿದ್ದರೆ ಹಿಡಿಸುತ್ತಿದ್ದ ಅನ್ನುವ ಪ್ರಶ್ನೆಯನ್ನು ಆ ಎರಡು ನಂಬರ್‌ಗಳಲ್ಲಿ ಯಾವುದೂ ಕೇಳಲಿಲ್ಲ. 2005ರಲ್ಲಿ ಬರಹಗಾರರೇ ಅವನನ್ನು ಮರಳಿ ತಂದರು, ಈ ಸಲ ತನ್ನ ಸಾವಿನ ಸಿಟ್ಟು ಹೊತ್ತವನಾಗಿ. ಇಂದು ಅವನಿಗೆ ಇರುವ ಅಭಿಮಾನಿಗಳನ್ನು ನೋಡಿದರೆ, ಕೊರತೆ ಇದ್ದದ್ದು ಆ ಹುಡುಗನಲ್ಲಲ್ಲ, ಅವನಿಗೆ ಸಿಕ್ಕ ಕಥೆಯಲ್ಲಿ ಅನ್ನಿಸುತ್ತದೆ.

ಓದುಗರ ಒತ್ತಾಯಕ್ಕೆ ಮಣಿದರೆ ಕಥೆ ಹಾಳಾಗಿಯೇ ತೀರುತ್ತದೆ ಅಂತಲೂ ಅಲ್ಲ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಕೆಡವಿದ, 1903ರಲ್ಲಿ ಬದುಕಿಸಿದ. ಅದು ನಂಬುವಂತೆ ಆದದ್ದು ಆ ಸಾವಿನ ಕಥೆಯಲ್ಲೇ ಇದ್ದ ಒಂದು ಸಂದಿನಿಂದ. ಹೋಮ್ಸ್ ಬೀಳುವುದನ್ನು ಅವನ ಗೆಳೆಯ ವಾಟ್ಸನ್ ಕಣ್ಣಾರೆ ನೋಡಿಲ್ಲ. ಅಂಚಿನವರೆಗೆ ಹೋದ ಹೆಜ್ಜೆಗಳು, ಒಂದು ಕೋಲು, ಒಂದು ಸಿಗರೇಟ್ ಡಬ್ಬಿ, ಒಂದು ಪತ್ರ ಇಷ್ಟೇ ಅವನಿಗೆ ಸಿಕ್ಕದ್ದು. ಶವ ಸಿಗಲಿಲ್ಲ. ಡಾಯ್ಲ್ ಹಳೆಯ ಒಂದು ವಾಕ್ಯವನ್ನೂ ಅಳಿಸಬೇಕಾಗಲಿಲ್ಲ.

ನನ್ನ ಮಟ್ಟಿಗೆ ಅಭಿಮಾನಿಗಳ ಅತ್ಯುತ್ತಮ ವಿಮರ್ಶೆ ಇರುವುದು ಫ್ಯಾನ್ ಫಿಕ್ಷನ್‌ನಲ್ಲಿ, ಅಂದರೆ ತಮಗಿಷ್ಟವಾದ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಬರೆಯುವ ಕಥೆಗಳಲ್ಲಿ. 2009ರಲ್ಲಿ ಅಭಿಮಾನಿಗಳೇ ಕಟ್ಟಿಕೊಂಡು ಇಂದಿಗೂ ಸ್ವಯಂಸೇವಕರೇ ನಡೆಸುತ್ತಿರುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಇಂಥ ಕಥೆಗಳ ಜಾಲತಾಣಕ್ಕೆ 2019ರಲ್ಲಿ, ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಾಗ ನನಗೆ ಮನಸಾರೆ ಖುಷಿಯಾಯಿತು. ಅಲ್ಲಿ ‘ಫಿಕ್ಸ್-ಇಟ್’ ಅನ್ನುವ ಟ್ಯಾಗ್ ಇದೆ: ಮೂಲದಲ್ಲಿ ಕೆಟ್ಟದ್ದನ್ನು ತಾವೇ ಬರೆದು ಸರಿಮಾಡುವ ಕಥೆಗಳು. ಒಳ್ಳೆಯವು ಅಂತ್ಯವನ್ನು ಮುಟ್ಟುವುದೇ ಇಲ್ಲ. ಎರಡು ಕಂತುಗಳ ನಡುವೆ ಬಿಟ್ಟುಹೋದ ಒಂದು ರಾತ್ರಿಯನ್ನೋ, ಇಬ್ಬರು ಆಡಬೇಕಿದ್ದು ಆಡದ ಮಾತನ್ನೋ ಬರೆದು ತುಂಬುತ್ತವೆ. ಓದಿದ ಮೇಲೆ ಮೂಲದ ಅಂತ್ಯವೇ ಸರಿಯೆನಿಸಿಬಿಡುತ್ತದೆ. ‘ಹಾಳು ಮಾಡಿದರು’ ಅಂತ ನೂರು ಸಲ ಬರೆಯುವವರಿಗಿಂತ ಇಂಥ ಒಂದು ಕಥೆ ಬರೆದವರಿಂದ ನಾನು ಹೆಚ್ಚು ಕಲಿತಿದ್ದೇನೆ.

ನಿಮ್ಮ ಕಥೆಗೆ ಬರುವುದಾದರೆ, ಓದುಗರು ‘ಇವಳು ಹಾಗೆ ಮಾಡಲ್ಲ’ ಅಂದ ದಿನ ಆ ಘಟನೆಯನ್ನು ತಿದ್ದಲು ಕೂರಬೇಡಿ. ಹಿಂದಿನ ಎರಡು ಮೂರು ಕಂತು ತೆಗೆದು, ಅವಳ ನಿರ್ಧಾರಕ್ಕೆ ಬೇಕಾದ ಯಾವ ದೃಶ್ಯ ನಿಮ್ಮ ತಲೆಯಲ್ಲಿದ್ದು ಪುಟಕ್ಕೆ ಬಂದಿಲ್ಲ ಅಂತ ಹುಡುಕಿ. ಬರೆಯುವವರಿಗೆ ಪಾತ್ರದ ಒಳಗೆಲ್ಲ ಗೊತ್ತಿರುವುದರಿಂದ ಈ ಖಾಲಿ ಜಾಗ ಕಣ್ಣಿಗೆ ಬೀಳುವುದಿಲ್ಲ, ಓದುಗರಿಗೆ ತಕ್ಷಣ ಬೀಳುತ್ತದೆ. ಹಿಂದಿನ ಕಂತು ಆಗಲೇ ಪ್ರಕಟವಾಗಿದ್ದರೆ ಮುಂದಿನದರಲ್ಲಿ ಅವಳೇ ಯಾರಿಗಾದರೂ ಉತ್ತರ ಹೇಳಬೇಕಾದ ಸಂದರ್ಭ ತನ್ನಿ, ಎದುರಿಗಿರುವವರು ಓದುಗರ ಪ್ರಶ್ನೆಯನ್ನೇ ಕೇಳಲಿ. ಇನ್ನೊಂದು: ಅಂತ್ಯವನ್ನು ಯಾರೋ ಮೊದಲೇ ಊಹಿಸಿ ಬರೆದುಬಿಟ್ಟರು ಅಂತ ಅದನ್ನು ಬದಲಿಸಬೇಡಿ. ಹತ್ತಾರು ಕಂತುಗಳ ಸುಳಿವು ಹಿಡಿದು ಒಬ್ಬರು ಅಲ್ಲಿಗೆ ತಲುಪಿದರು ಅಂದರೆ ನಿಮ್ಮ ಸುಳಿವುಗಳು ಸರಿಯಾಗಿ ಬಿದ್ದಿವೆ ಅಂತ ಅರ್ಥ. ಅವರಿಗಾಗಿ ತಿರುವು ಬದಲಿಸಿದರೆ ಉಳಿದ ಓದುಗರೆಲ್ಲರ ಕೈಯಲ್ಲಿ ಎಲ್ಲಿಗೂ ಸೇರದ ಸುಳಿವುಗಳು ಉಳಿಯುತ್ತವೆ.