ಮೂರು ದಿನಗಳ ಬಿಡುವಿನಲ್ಲಿ ಹುಬ್ಬಳ್ಳಿ, ಗದಗ, ಹಾವೇರಿಯ ಕಡೆ ನೋಡುವಂಥದ್ದು ಏನಿದೆ?

ಜನವರಿಯಲ್ಲಿ ಮೂರು ದಿನಗಳ ಬಿಡುವಿದೆ, ಹಂಪಿ ಮತ್ತು ಬಾದಾಮಿಗಳನ್ನು ನೋಡಿಯಾಗಿದೆ, ಹುಬ್ಬಳ್ಳಿ ಎಂದರೆ ರೈಲು ಬದಲಿಸುವ ಊರೆಂದಷ್ಟೇ ಗೊತ್ತು, ಅದರ ಆಸುಪಾಸಿನಲ್ಲಿ ಬೆರಗಾಗುವಂಥದ್ದು ಏನಾದರೂ ಉಂಟೇ ಎಂದು ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಗದಗಿನಲ್ಲಿ, ಉದ್ಯೋಗದ ನಿಮಿತ್ತ ಇರುವುದು ಹುಬ್ಬಳ್ಳಿಯಲ್ಲಿ. ಆದ್ದರಿಂದ ಈ ಉತ್ತರದಲ್ಲಿ ಊರಿನ ಮಮಕಾರ ಒಂದಿಷ್ಟು ಬೆರೆತಿದ್ದರೆ ಮನ್ನಿಸಬೇಕು. ನಮ್ಮ ಕಡೆಯ ಸ್ಥಳಗಳು ದೂರದಿಂದಲೇ ಕಣ್ಸೆಳೆಯುವಂಥವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಯಾರದೋ ಮನೆಯ ಹಿತ್ತಲಿಗೆ ಹೊಂದಿಕೊಂಡ ಗುಡಿ, ಶೇಂಗಾ ಹೊಲಗಳ ನಡುವಿನ ಕೆರೆ, ಮಠದ ಆವರಣದ ಮರ, ಹೀಗೆ ಅವು ದಿನದ ಬದುಕಿನೊಳಗೆ ಸೇರಿಕೊಂಡಿವೆ. ಹಿನ್ನೆಲೆ ತಿಳಿಯದೆ ಹೋದವರು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ ಹೊರಟುಬಿಡುತ್ತಾರೆ.

ರೈಲು ಬದಲಿಸುವ ಊರೆಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ನೀವು ಇಳಿಯಲಿರುವ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು, ಜಗತ್ತಿನಲ್ಲೇ ಅತಿ ಉದ್ದದ್ದೆಂಬ ದಾಖಲೆಗೆ ಸೇರಿದೆ. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾಯಿತು, ಅಲ್ಲಿಯವರೆಗೆ ಆ ಹೆಗ್ಗಳಿಕೆ ಗೋರಖಪುರದ್ದಾಗಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಇಪ್ಪತ್ತು ನಿಮಿಷ ಬೇಕು. ದಾಖಲೆ ದೊಡ್ಡದೇ ಆದರೂ, ಎರಡು ಚೀಲ ಹೊತ್ತುಕೊಂಡು ತಪ್ಪು ತುದಿಯ ಬೋಗಿಯಿಂದ ಇಳಿದವರಿಗೆ ಅದರಲ್ಲಿ ಸಂತೋಷಪಡುವಂಥದ್ದು ಅಷ್ಟೇನೂ ಕಾಣಲಿಕ್ಕಿಲ್ಲ.

ಮೊದಲ ದಿನವನ್ನು ಗದಗಿನ ಕಡೆಗೆ ಇಟ್ಟುಕೊಳ್ಳಿ. ದಾರಿಯಲ್ಲಿ ಸಿಗುವ ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಅರ್ಧ ಗಂಟೆ ನಿಲ್ಲಬೇಕೆಂದು ನಾನು ಹೇಳುವುದಕ್ಕೆ ಕಾರಣ ಅದರ ಕಲ್ಲು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ನೀವು ನೋಡಿದ ಗುಡಿಗಳು ಕೆಂಪು ಮರಳುಗಲ್ಲಿನವು. ಆ ಕಲ್ಲು ದೊಡ್ಡ ದಿಮ್ಮಿಗಳಾಗಿ ದೊರೆಯುತ್ತದೆ, ಆದರೆ ಅದರ ಕಣ ಒರಟು, ತೀರ ಸೂಕ್ಷ್ಮವಾದ ಕೆತ್ತನೆಗೆ ಒಗ್ಗುವುದಿಲ್ಲ. ಸುಮಾರು 1050ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಅಣ್ಣಿಗೇರಿಯ ಶಿಲ್ಪಿಗಳು ಅದನ್ನು ಬಿಟ್ಟು ಬಳಪದ ಕಲ್ಲಿನತ್ತ ತಿರುಗಿದರು. ಈ ಕಲ್ಲಿನಲ್ಲಿ ಪೂರ್ತಿಯಾಗಿ ಕಟ್ಟಿದ ಮೊದಲ ಗುಡಿಗಳಲ್ಲಿ ಅಮೃತೇಶ್ವರವೂ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳರು ಬಳಸಿದ್ದೂ ಇದೇ ಜಾತಿಯ ಕಲ್ಲು. ಆ ರೂಢಿಯ ಬೇರು ನಮ್ಮ ಎರೆಭೂಮಿಯಲ್ಲಿದೆ ಎಂಬುದು ಹಾಸನದ ಕಡೆಯಿಂದ ಬರುವ ನನ್ನ ಗೆಳೆಯರಿಗೆ ಪ್ರತಿ ಸಲವೂ ಹೊಸ ಸುದ್ದಿಯೇ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಇಂಥ ಬಂಡೆಗಳಿರುವ ಶಿಲಾಸ್ತರಗಳಿಗೆ ಭೂವಿಜ್ಞಾನದಲ್ಲಿ ಧಾರವಾಡದ ಹೆಸರೇ ಇದೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಈ ಶಿಲೆಗಳ ಬಗ್ಗೆ ಓದುವ ಹೊರದೇಶದ ವಿದ್ಯಾರ್ಥಿಯೂ ಧಾರವಾಡ ಎಂಬ ಶಬ್ದವನ್ನು ಉಚ್ಚರಿಸಲೇಬೇಕು, ಪೇಢೆಯ ರುಚಿ ಅವನಿಗೆ ತಿಳಿದಿರಲಿ ಬಿಡಲಿ.

ಗದಗಿನಲ್ಲಿ ವೀರನಾರಾಯಣ ಗುಡಿಯನ್ನು ನೋಡಿ, ಮಿರ್ಚಿ ಭಜಿ ತಿಂದು, ಹೊತ್ತು ಕಳೆಯದೆ ಲಕ್ಕುಂಡಿಗೆ ಹೊರಡಿ. ಕುಮಾರವ್ಯಾಸನು ಒದ್ದೆ ಬಟ್ಟೆಯಲ್ಲಿ ಕುಳಿತು ಭಾರತವನ್ನು ರಚಿಸಿದನೆಂದು ಪ್ರತೀತಿಯಿರುವ ಕಂಬ ವೀರನಾರಾಯಣನ ಗುಡಿಯಲ್ಲಿದೆ. ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತಂತೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಷ್ಟು ಹಿಂದೆ ರೈತರ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದೂ ದೊಡ್ಡ ಸಂಗತಿಯೇ, ಆದರೆ ಅದು ಕಣ್ಣಿಗಿಂತ ಓದಿಗೆ ಸೇರಿದ ವಿಷಯ.

ಲಕ್ಕುಂಡಿ ಗದಗಿನಿಂದ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲಿ, ಹೊಸಪೇಟೆಯ ರಸ್ತೆಯ ಮೇಲೆಯೇ ಇದೆ. ಶಾಸನಗಳಲ್ಲಿ ಇದು ಲೊಕ್ಕಿಗುಂಡಿ. ಇಲ್ಲಿ ಟಂಕಸಾಲೆಯಿತ್ತು, ಇಲ್ಲಿ ಅಚ್ಚಾದ ಹೊನ್ನಿಗೆ ಲೊಕ್ಕಿ ಗದ್ಯಾಣವೆಂಬ ಹೆಸರೇ ನಡೆಯುತ್ತಿತ್ತು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಹೇಳುವ ಲೆಕ್ಕವನ್ನು ನಾನು ಎಣಿಸಿ ನೋಡಿಲ್ಲ, ಆದರೆ ಓಣಿಯಲ್ಲಿ ನಡೆಯುವಾಗ ದನ ಕಟ್ಟಿದ ಗೂಟದ ಪಕ್ಕದಲ್ಲೇ ಸಾವಿರ ವರ್ಷದ ಗೋಡೆ ಎದುರಾಗುವುದನ್ನು ಕಂಡರೆ ಆ ಲೆಕ್ಕವನ್ನು ನಂಬಬೇಕೆನ್ನಿಸುತ್ತದೆ.

ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಎರಡು ಗರ್ಭಗೃಹಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಒಂದು ಶಿವನದು, ಇನ್ನೊಂದು ಚಿಕ್ಕದು, ಸೂರ್ಯನದು. ಇದಕ್ಕಿಂತಲೂ ನಾನು ಹೆಚ್ಚು ಹೊತ್ತು ನಿಲ್ಲುವುದು ಅದರ ಬಾಗಿಲವಾಡದ ಮುಂದೆ. ಒಂದರ ಹಿಂದೆ ಒಂದರಂತೆ ಸರಿದ ಪಟ್ಟಿಕೆಗಳು, ಪ್ರತಿ ಪಟ್ಟಿಕೆಗೂ ಬೇರೆ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಬೆರಳ ತುದಿಯಷ್ಟು ಚಿಕ್ಕ ಆಕೃತಿಗಳು. ಕೆಲವೆಡೆ ಎಲೆಯ ಹಿಂಬದಿಯನ್ನೂ ಕೊರೆದು ತೆಗೆದಿರುವುದರಿಂದ, ಮುಂಜಾನೆಯ ಓರೆ ಬಿಸಿಲು ಬಿದ್ದಾಗ ಎಲೆ ಕಲ್ಲಿಗೆ ಅಂಟಿಕೊಂಡಂತೆ ಕಾಣದೆ ನೆರಳಿನ ಮೇಲೆ ತೇಲಿದಂತೆ ಕಾಣುತ್ತದೆ. ಒಳಗಿನ ಕಂಬಗಳು ತಿರುಗಣಿಯಲ್ಲಿ ಕಡೆದವು. ಬಳೆ ಬಳೆಯಾಗಿ ಇಳಿದ ಅವುಗಳ ಮೈ ಇಂದಿಗೂ ನುಣುಪಾಗಿದೆ. ಮಧ್ಯಾಹ್ನ ಹೋದರೆ ಇದೆಲ್ಲ ಚಪ್ಪಟೆಯಾಗಿ ಕಾಣುತ್ತದೆ, ಆದ್ದರಿಂದ ಸಾಧ್ಯವಿದ್ದರೆ ಹಿಂದಿನ ರಾತ್ರಿಯೇ ಗದಗಿನಲ್ಲಿ ತಂಗಿ ಬೆಳಿಗ್ಗೆ ಇಲ್ಲಿಗೆ ಬನ್ನಿ.

ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ತಪ್ಪಿಸಬಾರದು. 1007ರ ಶಾಸನ ಅವಳ ದಾನಗಳನ್ನು ಹೊಗಳುತ್ತದೆ. ಜಿನಾಲಯದೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿಯನ್ನು ಕಂಡು ಅನೇಕರು ಗಲಿಬಿಲಿಗೊಳ್ಳುತ್ತಾರೆ. ಹೆಸರಿನ ಗುಟ್ಟು ಅಲ್ಲಿಯೇ ಇದೆ. ಆದರೆ ನನಗೆ ಅತ್ತಿಮಬ್ಬೆ ದೊಡ್ಡವಳಾಗಿ ಕಾಣುವುದು ಗುಡಿಗಿಂತ ಹೆಚ್ಚಾಗಿ ಓಲೆಗರಿಯಿಂದ. ಪೊನ್ನನ ಶಾಂತಿಪುರಾಣ ಅಳಿಯದಿರಲಿ ಎಂದು ಅವಳು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಪ್ರತಿಯೊಂದು ಗರಿಯನ್ನು ಹದಗೊಳಿಸಿ, ಕಂಠವೆಂಬ ಕಬ್ಬಿಣದ ಲೇಖನಿಯಿಂದ ಗೀರಿ, ಮಸಿ ತುಂಬಿ, ದಾರ ಪೋಣಿಸಿ ಸಾವಿರ ಸಲ ಮಾಡಬೇಕಾದ ಕೆಲಸ. ಇಂದಿಗೂ ಒಂದು ಕನ್ನಡ ಪುಸ್ತಕದ ಮೊದಲ ಮುದ್ರಣ ಸಾವಿರ ಪ್ರತಿಯೆಂದರೆ ಪ್ರಕಾಶಕರು ಎರಡು ಸಲ ಯೋಚಿಸುತ್ತಾರೆ. ಹೊರಡುವ ಮುಂಚೆ ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿಯಿರಿ; ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗೂಡುಗುಡಿಗಳಿದ್ದು, ನೀರಿಗೆ ಹೋದವರು ದೇವರಿಗೂ ಕೈಮುಗಿದು ಬರುವ ಏರ್ಪಾಡು ಅದು.

ಅಲ್ಲಿಂದ ಮುಂಡರಗಿ ತಾಲ್ಲೂಕಿನ ಡಂಬಳ. ಇಲ್ಲಿಯ ದೊಡ್ಡಬಸಪ್ಪ ಗುಡಿಯ ನೆಲನಕ್ಷೆ ಇಪ್ಪತ್ನಾಲ್ಕು ಮೊನೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಹದಿನೈದು ಹದಿನೈದು ಡಿಗ್ರಿ ತಿರುಗಿಸುತ್ತ ಆರು ಸಲ ಬರೆದರೆ ಇಪ್ಪತ್ನಾಲ್ಕು ಮೂಲೆಗಳು ಸಿಗುತ್ತವೆ. ಶಿಲ್ಪಿ ಮಾಡಿದ್ದು ಇದನ್ನೇ, ಮತ್ತು ಆ ಮೂಲೆಗಳನ್ನು ಶಿಖರದವರೆಗೂ ಒಯ್ದಿದ್ದಾನೆ. ನಕ್ಷತ್ರದ ಗುಡಿಗಳು ಬೇರೆಡೆಯೂ ಇವೆ, ಆದರೆ ಹೆಚ್ಚಿನವುಗಳಲ್ಲಿ ನಡುನಡುವೆ ನೇರ ಗೋಡೆ ಬಂದು ಸುತ್ತು ತುಂಡಾಗುತ್ತದೆ, ಇಲ್ಲಿ ಹಾಗಿಲ್ಲ. ಶಾಲೆಯಲ್ಲಿ ಕೈವಾರದ ಪೆಟ್ಟಿಗೆ ಹಿಡಿದು ಒದ್ದಾಡಿದ ನನ್ನಂಥವನಿಗೆ ಈ ಗೋಡೆಯ ಸುತ್ತ ಪ್ರದಕ್ಷಿಣೆ ಹಾಕುವುದೇ ಒಂದು ಪ್ರಾಯಶ್ಚಿತ್ತ. ಇದೇ ಊರಿನ 1095ರ ಶಾಸನವೊಂದು ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ. ಬುದ್ಧನನ್ನು ನಾಡು ಆ ಹೊತ್ತಿಗೆ ಮರೆತೇಬಿಟ್ಟಿತ್ತೆಂದು ತಿಳಿದಿದ್ದ ನನಗೆ ಇದು ಅನಿರೀಕ್ಷಿತವಾಗಿತ್ತು.

ಎರಡನೆಯ ದಿನ ಬೆಳಗಿನ ಜಾವವೇ ಏಳಬೇಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಮಂಗೋಲಿಯಾ, ಟಿಬೆಟ್ ಮುಂತಾದ ಕಡೆಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುತ್ತವೆ. ಹಿಮಾಲಯವನ್ನು ದಾಟುವಾಗ ಇವು 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ವಿರಳವಾದ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ರಕ್ತ ಇವಕ್ಕಿದೆ; ಮೇಲಾಗಿ ಹದ್ದಿನಂತೆ ಗಾಳಿಯ ಮೇಲೆ ತೇಲದೆ, ರೆಕ್ಕೆ ಬಡಿಯುತ್ತಲೇ ಪರ್ವತವನ್ನು ಏರುತ್ತವೆ. ಇಷ್ಟೆಲ್ಲ ಸಾಹಸ ಮಾಡಿ ಬಂದು ಇಳಿಯುವುದು ಸುಮಾರು ಐವತ್ತು ಹೆಕ್ಟೇರಿನ ಒಂದು ಹಳ್ಳಿಗೆರೆಗೆ. ಸುತ್ತಲಿನ ಹೊಲಗಳಲ್ಲಿ ಕಾಳುಕಡಿ, ಚಿಗುರು ತಿಂದು, ಹಗಲಿನಲ್ಲಿ ಕೆರೆಯ ನೀರಿನಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು.

ನಾನು ಮೊದಲ ಸಲ ಇಲ್ಲಿಗೆ ಹೋದದ್ದು ಏಪ್ರಿಲ್ ತಿಂಗಳಿನಲ್ಲಿ, ಅದೂ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು. ಬಿಸಿಲಿಗೆ ಬತ್ತಿದ ಕೆರೆಯಲ್ಲಿ ಎಮ್ಮೆಗಳ ಹೊರತು ಏನೂ ಇರಲಿಲ್ಲ. ಏರಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, “ತಡಾ ಮಾಡಿ ಬಂದ್ರಿ, ಬೀಗರು ಆಗಲೇ ತಮ್ಮೂರಿಗೆ ಹೋಗ್ಯಾರ್ರೀ” ಎಂದರು. ಮುಂದಿನ ಜನವರಿಯಲ್ಲಿ ಒಬ್ಬನೇ ಹೋಗಿ ಮಂಜಿನಲ್ಲಿ ನಿಂತಾಗ, ಹಕ್ಕಿ ಕಾಣುವ ಮುಂಚೆಯೇ ದನಿ ಕೇಳಿಸಿತು, ದೂರದಲ್ಲಿ ಯಾರೋ ಹಳೆಯ ಸೈಕಲ್ಲಿನ ಹಾರ್ನುಗಳನ್ನು ಒಟ್ಟಿಗೆ ಒತ್ತಿದಂತೆ. ಆಮೇಲೆ ಸಾಲು ಸಾಲಾಗಿ ಬಂದು, ಕಾಲು ಮುಂದೆ ಚಾಚಿ, ನೀರನ್ನು ಸೀಳುತ್ತ ಇಳಿದವು. ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟೆಗಳನ್ನು ನೋಡಲು ದುರ್ಬೀನು ಒಯ್ಯಿರಿ, ಕೆರೆಯ ಅಂಚಿಗೆ ಹೋಗಿ ಅವುಗಳನ್ನು ಎಬ್ಬಿಸಬೇಡಿ.

ಅಲ್ಲಿಂದ ಹಾವೇರಿ ಜಿಲ್ಲೆಯ ಸವಣೂರಿಗೆ ಬನ್ನಿ. ನವಾಬರ ಊರೆಂದು, ವೀಳ್ಯದೆಲೆಯ ಊರೆಂದು, ಖಾರದ ಊರೆಂದು ಇದಕ್ಕೆ ಹೆಸರು. ನಾನು ಕಳಿಸುವುದು ಮಾತ್ರ ದೊಡ್ಡಹುಣಸೆ ಕಲ್ಮಠಕ್ಕೆ. ಅಲ್ಲಿಯ ದೊಡ್ಡಹುಣಸೆ ಮರಗಳು ಹುಣಸೆಯ ಜಾತಿಯವೇ ಅಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಹಣ್ಣಿನ ಒಳಗಿನ ಬಿಳಿಯ ತಿರುಳು ಹುಳಿಯಾಗಿರುವುದರಿಂದ ಈ ಹೆಸರು ಬಂದಿರಬೇಕು. ಹಲವರು ಕೈಕೈ ಹಿಡಿದು ನಿಂತರೆ ಮಾತ್ರ ಬುಡವನ್ನು ಬಳಸಬಹುದು. ಕಾಂಡದ ಮೆದು ಮರದಲ್ಲಿ ನೀರನ್ನು ಹಿಡಿದಿಟ್ಟುಕೊಂಡು ಇವು ಬರಗಾಲವನ್ನು ತಾಳಿಕೊಳ್ಳುತ್ತವೆ. ಅರಬ್ ವ್ಯಾಪಾರಿಗಳ ಮೂಲಕ ಈ ನಾಡಿಗೆ ಬಂದವೆಂಬುದು ಸಾಮಾನ್ಯ ಅಭಿಪ್ರಾಯ. ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿದಾಗ, ಕೊಂಬೆಗಳನ್ನು ಸವರಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಹೊತ್ತಿದ್ದರೆ ಸಮೀಪದ ಬಂಕಾಪುರದ ಕೋಟೆಯನ್ನೂ ನೋಡಬಹುದು. ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ಅದರೊಳಗೇ ಇದೆ, ಸುತ್ತಲಿನ ಪೊದೆಗಳಲ್ಲಿ ನವಿಲುಗಳಿವೆ.

ಮೂರನೆಯ ದಿನ ಹುಬ್ಬಳ್ಳಿಯಲ್ಲೇ ಇರಿ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ, ಸುತ್ತ ಮನೆಗಳು ಒತ್ತಿಕೊಂಡಿರುವುದರಿಂದ ದಾರಿ ಕೇಳಿಕೊಂಡೇ ಹೋಗಬೇಕು. ಅನಂತರ ಬೆಂಗೇರಿಗೆ ಹೋಗಿ. ಅಲ್ಲಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾದದ್ದು. ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೊಂದಿಗೆ ಖಾದಿಯ ರಾಷ್ಟ್ರಧ್ವಜ ಹೊಲಿಯುವುದಕ್ಕೆ ದೇಶದಲ್ಲೇ ಹೆಸರಾಗಿದೆ. ಧ್ವಜದ ಅಳತೆಗಳು ಒಂಬತ್ತು; ದೊಡ್ಡದು 21 ಅಡಿಗೆ 14 ಅಡಿ, ಚಿಕ್ಕದು ಮೇಜಿನ ಮೇಲೆ ಇಡುವಂಥದ್ದು. ನೂಲಿನ ಎಳೆ, ಬಣ್ಣದ ಛಾಯೆ, ಚಕ್ರದ ಇಪ್ಪತ್ನಾಲ್ಕು ಅರಗಳು, ಹೊಲಿಗೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಳಗೆ ನೋಡಬೇಕೆಂದಿದ್ದರೆ ಮೊದಲೇ ಕೇಳಿಕೊಂಡು ಹೋಗುವುದು ಸೌಜನ್ಯ. ನೀವು ಬರುವುದು ಜನವರಿಯ ಮೂರನೆಯ ವಾರವಾದರೆ ಗಣರಾಜ್ಯೋತ್ಸವದ ಬೇಡಿಕೆಯ ಒತ್ತಡದಲ್ಲಿ ಅವರಿಗೆ ಮಾತನಾಡಲು ಪುರುಸೊತ್ತು ಇರಲಿಕ್ಕಿಲ್ಲ. ಹಬ್ಬ ಮುಗಿಯುತ್ತಲೇ, ಇಲ್ಲವೇ ತಿಂಗಳ ಮೊದಲ ವಾರದಲ್ಲಿ ಬನ್ನಿ, ಹೇಗೂ ಮಾಗಡಿಯ ಹೆಬ್ಬಾತುಗಳು ಆಗಲೂ ಇರುತ್ತವೆ.