ಅಶ್ವಗಂಧಕ್ಕೆ ಇನ್ನು ನೀರೂ ಬೇಡ, ಗೊಬ್ಬರವೂ ಬೇಡ

ಶಿರಾ ಕಡೆಯ ಅಣ್ಣ, ನೀವು ಹಾಕಿದ ಅಶ್ವಗಂಧದ ಹೊಲದ ಫೋಟೊ ನೋಡಿ ಎದೆ ಧಸಕ್ ಅಂತು. ಡ್ರಿಪ್‌ನಲ್ಲಿ ಎರಡು ದಿನಕ್ಕೊಮ್ಮೆ ನೀರು, ಎರಡು ಸಲ 19:19:19 ರಸಗೊಬ್ಬರ, ಗಿಡ ಸೊಂಟದೆತ್ತರ. ಇನ್ನೊಂದು ಸಲ ಗೊಬ್ಬರ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಅಶ್ವಗಂಧದಲ್ಲಿ ನಾವು ಮಾರುವುದು ಬೇರು, ಗಿಡದ ಎತ್ತರ ಅಲ್ಲ. ಇವತ್ತೇ ವಾಲ್ವ್ ಮುಚ್ಚಿ.

ಮಧುಗಿರಿ ಹತ್ತಿರ ನನ್ನ ಅರ್ಧ ಎಕರೆಯಲ್ಲಿ ಮೊದಲ ವರ್ಷ ನಾನೂ ಇದನ್ನೇ ಮಾಡಿದ್ದೆ. ಟೊಮೆಟೊ ಬೆಳೆದು ರೂಢಿ, ನೀರು ಬಿಡದೆ ಇರೋಕೆ ಮನಸ್ಸು ಒಪ್ಪಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಬೆಳೆದಿತ್ತು. ಆರನೇ ತಿಂಗಳು ಅಗೆದರೆ ಬೇರು ಪೆನ್ಸಿಲ್‌ಗಿಂತ ಸಣ್ಣ, ನಾಲ್ಕು ಕವಲು, ಬರೀ ನಾರು. ತಗ್ಗಿನ ಎರಡು ಸಾಲು ಬುಡ ಕೊಳೆತು ಮಲಗಿದ್ದವು. ವ್ಯಾಪಾರಿ ಒಂದು ಬೇರು ಮುರಿಯೋಕೆ ನೋಡಿದರು. ಒಳ್ಳೆ ಬೇರು ಟಪ್ ಅಂತ ಮುರಿದು, ಒಳಗೆ ಹಿಟ್ಟಿನ ಹಾಗೆ ಬೆಳ್ಳಗಿರಬೇಕು ಅಲ್ವಾ? ನನ್ನದು ಹುರಿಯ ಹಾಗೆ ಬಾಗಿತು. ಅಗೆದ ಕೂಲಿಯೂ ಹುಟ್ಟಲಿಲ್ಲ.

ಈಗ ಎಲೆ ನೋಡಿ ಯಾವುದನ್ನೂ ತೀರ್ಮಾನ ಮಾಡಲ್ಲ. ಎರಡು ತಿಂಗಳಾದ ಮೇಲೆ ಪ್ರತಿ ತಿಂಗಳು ಹೊಲದ ಮೇಲ್ಭಾಗದಿಂದ ಒಂದು, ನಡುವಿಂದ ಒಂದು, ತಗ್ಗಿಂದ ಒಂದು ಗಿಡ ಅಗೆಯುತ್ತೇನೆ. ಬೇರು ತೊಳೆದು, ತಾರೀಖು ಬರೆದ ಚೀಟಿ ಕಟ್ಟಿ, ಕೊಟ್ಟಿಗೆ ಗೋಡೆಗೆ ಸಾಲಾಗಿ ನೇತುಹಾಕುತ್ತೇನೆ. ಹೋದ ತಿಂಗಳದ್ದರ ಪಕ್ಕ ಇಟ್ಟರೆ ದಪ್ಪ ಆಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಕ್ಕದ ಕೂದಲು ಬೇರು ಜಾಸ್ತಿ ಆಗಿದ್ದರೆ ನೀರು ಜಾಸ್ತಿ ಆಗಿದೆ. ಮಧ್ಯಾಹ್ನ ಎಲೆ ಬಾಡಿ ಸಂಜೆಗೆ ಎದ್ದರೆ ಸುಮ್ನೆ ಬಿಡಿ. ಬೆಳಗ್ಗೆಯೂ ಬಾಡಿದ್ದರೆ ಮಾತ್ರ ಒಂದು ಸಲ ತೆಳ್ಳಗೆ ನೀರು ಕೊಡಿ. ಇದು ನಮ್ಮ ಮರಳು ಕೂಡಿದ ಕೆಂಪು ಮಣ್ಣಿನ ಲೆಕ್ಕ. ಎರೆ ಮಣ್ಣಿನವರು ಇನ್ನೂ ಹುಷಾರಾಗಿರಬೇಕು, ನೀರು ನಿಲ್ಲುವ ಹೊಲಕ್ಕಂತೂ ಈ ಬೆಳೆಯೇ ಬೇಡ.

ಮುಂದಿನ ಸಲ ಮಘೆ ಮಳೆ (ಆಗಸ್ಟ್ ಎರಡನೇ ಅರ್ಧ) ಹದಕ್ಕೆ ಇಳಿಜಾರಿನಲ್ಲಿ ಬಿತ್ತಿ. ಬೀಜಕ್ಕೆ ಮರಳು ಬೆರೆಸಿ, ಒಂದೆರಡು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗದ ಹಾಗೆ ಮೇಲೆ ಮಣ್ಣು ಎಳೆಯಿರಿ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಲಿ, ಅದರಲ್ಲೇ ಟ್ರೈಕೋಡರ್ಮಾ (ಬೇರು ಕೊಳೆ ತಡೆಯುವ ಒಳ್ಳೆ ಶಿಲೀಂಧ್ರ) ಬೆರೆಸಿ. ಯೂರಿಯಾ ಮುಟ್ಟಬೇಡಿ. 25-30 ದಿನಕ್ಕೆ ಸಸಿ ತೆಳು ಮಾಡಿ. ಕೀಳೋಕೆ ಕರುಳು ಚುರಕ್ ಅನ್ನುತ್ತದೆ, ಆದರೂ ಕೀಳಿ. ತಳಿ ಕೇಳಿದವರಿಗೆ: ಜವಾಹರ್ 20, ಪೋಷಿತಾ ಎರಡೂ ಹಾಕಿದ್ದೇನೆ, ನನ್ನ ಹೊಲಕ್ಕೆ ಪೋಷಿತಾ ಹೊಂದಿತು. ಹಳೇ ಬೀಜ ಯಾರು ಕೊಟ್ಟರೂ ತಗೋಬೇಡಿ, ಮೊಳಕೆ ಬರಲ್ಲ. ಪಕ್ಕದಲ್ಲಿ ಬದನೆ ಬೇಡವೇ ಬೇಡ. ಬದನೆ ಎಲೆ ಜರಡಿ ಮಾಡುವ ಚುಕ್ಕೆ ಹುಳು ಇದಕ್ಕೂ ಬರುತ್ತದೆ, ಬದನೆ, ಅಶ್ವಗಂಧ ಎರಡೂ ಒಂದೇ ಸಸ್ಯ ಕುಟುಂಬದವು. ಔಷಧಿಗೆ ಹೋಗುವ ಬೇರಿಗೆ ವಿಷ ಹೊಡೆಯಬೇಡಿ, ಬೆಳಗ್ಗೆ ಹುಳು ಆರಿಸಿ ತೆಗೆಯಿರಿ.

ಕೆಳಗೆ ಕಾಮೆಂಟ್‌ನಲ್ಲಿ ಅಕ್ಕ ಒಬ್ಬರು ನಿದ್ದೆಗೆ ಎಲೆ ಕಷಾಯ ಕುಡಿಯಬಹುದಾ ಅಂತ ಕೇಳಿದ್ದಾರೆ. ಬೇಡ ಅಕ್ಕ. ಎಲೆ ಬಳಸಬೇಡಿ ಅಂತ ಆಯುಷ್ ಸಚಿವಾಲಯ 2021ರಲ್ಲೇ ಔಷಧಿ ತಯಾರಕರಿಗೆ ಹೇಳಿದೆ. ಗಿಡದ ವೈಜ್ಞಾನಿಕ ಹೆಸರಿನಲ್ಲಿರುವ 'ಸೋಮ್ನಿಫೆರಾ' ಅಂದರೆ ನಿದ್ದೆ ತರುವುದು ಅಂತಲೇ ಅರ್ಥ, ಆದರೆ ನಮ್ಮ ಮನೆಗಳಲ್ಲಿ ಬಳಸುವುದು ಬೇರಿನ ಪುಡಿ. ನಮ್ಮಮ್ಮ ರಾತ್ರಿ ಬಿಸಿ ಹಾಲಿಗೆ ಅರ್ಧ ಚಮಚ ಹಾಕಿ ಕುಡಿಯುತ್ತಾರೆ. ಕೆಎಸ್ಎಂ-66 ಅಂತ ಬರೆದ ಮಾತ್ರೆಯಲ್ಲಿ ಇರುವುದು ಬೇರಿನ ಗಟ್ಟಿ ಸಾರ, ಅದರ ಅಳತೆ ಪುಡಿಗೆ ಲೆಕ್ಕ ಹಾಕಬೇಡಿ. ಬಸುರಿಯರು ಮುಟ್ಟಲೇಬಾರದು. ಥೈರಾಯ್ಡ್ ಅಥವಾ ನಿದ್ದೆ ಮಾತ್ರೆ ನುಂಗುವವರು, ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತಗೋಬೇಡಿ.

ಅಣ್ಣ, ಹಣ್ಣು ಕೆಂಪಾಗಿ ಎಲೆ ಹಳದಿಗೆ ತಿರುಗಿದ ಮೇಲೇ ಪೂರ್ತಿ ಬೆಳೆ ಅಗೆಯಿರಿ. ಅದಕ್ಕೆ ಮುಂಚೆ, ನಾಳೆ ಬೆಳಗ್ಗೆ ಮೂರು ಗಿಡ ಅಗೆದು ಬೇರಿನ ಫೋಟೊ ಇಲ್ಲೇ ಹಾಕಿ. ತಗ್ಗಿನ ಕಡೆಯದ್ದು ಒಂದಿರಲೇಬೇಕು.